ಕೇಳಿದರೆ ಕೆಡುಕಾಗದು

ಓದುಗರ ಪ್ರಶ್ನೆ, ಬಲ್ಲವರ ಉತ್ತರ

ಊರಲ್ಲಿ ಆತ್ಮಹತ್ಯೆ ತಡೆಯುವ ಕೆಲಸಕ್ಕೆ ಇಳಿಯಬೇಕೆಂದಿರುವ ದಾವಣಗೆರೆ, ಚಿತ್ರದುರ್ಗ ಜಿಲ್ಲೆಗಳ ಓದುಗರು ಬರೆದ ಪತ್ರಗಳಲ್ಲಿ ಕೆಲವನ್ನು ಈ ಸಲ ತೆಗೆದುಕೊಂಡಿದ್ದೇವೆ. ಹೆಸರು ಬೇಡವೆಂದು ಹೆಚ್ಚಿನವರು ಕೇಳಿಕೊಂಡಿದ್ದರಿಂದ ಯಾರ ಹೆಸರನ್ನೂ ಹಾಕಿಲ್ಲ. ಈ ಪುಟವನ್ನು ಬೇರೆಯವರ ಸಲುವಾಗಿ ಅಲ್ಲ, ನಿಮ್ಮ ಸಲುವಾಗಿಯೇ ತೆರೆದಿದ್ದರೆ ಮುಂದಿನದನ್ನು ಆಮೇಲೆ ಓದಿದರಾಯಿತು, ಮೊದಲು 14416ಕ್ಕೆ ಕರೆ ಮಾಡಿ. ಅದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ‘ಟೆಲಿ ಮಾನಸ್’. ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಪ್ರಶ್ನೆ: ನಮ್ಮ ಬಡಾವಣೆಯ ಯುವಕ ಸಂಘ, ಸ್ತ್ರೀಶಕ್ತಿ ಸಂಘದವರು ಸೇರಿ ಇಪ್ಪತ್ತು ಜನ ತಯಾರಿದ್ದೇವೆ. ತರಬೇತಿಗೆ ಯಾರನ್ನು ಕೇಳಬೇಕು, ಎಷ್ಟು ದಿನ ಬೇಕು? ನಮ್ಮಲ್ಲಿ ಯಾರೂ ಡಾಕ್ಟರಲ್ಲ.
*— ನಿವೃತ್ತ ಶಿಕ್ಷಕರು, ವಿದ್ಯಾನಗರ, ದಾವಣಗೆರೆ*

ಡಾಕ್ಟರು ಬೇಕಾಗಿಯೂ ಇಲ್ಲ. ನಿಮಗೆ ಬೇಕಿರುವುದು ‘ಗೇಟ್‌ಕೀಪರ್’ ತರಬೇತಿ. ಕೆಲವರು ಇದನ್ನು ‘ದ್ವಾರಪಾಲಕ’ ಎಂದು ಕನ್ನಡಿಸುತ್ತಾರೆ. ಆ ಮಾತು ಕೇಳಿದರೆ ಗರ್ಭಗುಡಿಯ ಮುಂದೆ ಗದೆ ಹಿಡಿದು ನಿಂತವರ ನೆನಪಾಗುತ್ತದೆ. ಇಲ್ಲಿನ ಕೆಲಸ ಅದಕ್ಕೆ ತಿರುಗುಮುರುಗು. ಸಂಕಟದಲ್ಲಿರುವವರನ್ನು ಗುರುತಿಸುವುದು, ನೇರವಾಗಿ ಕೇಳುವುದು, ಸರಿಯಾದ ಬಾಗಿಲಿಗೆ ತಲುಪಿಸುವುದು, ಆಮೇಲೆ ಮತ್ತೆ ಹೋಗಿ ವಿಚಾರಿಸುವುದು. ಚಿಕಿತ್ಸೆಯಾಗಲಿ ಕೌನ್ಸೆಲಿಂಗ್ ಆಗಲಿ ನಿಮ್ಮ ಕೆಲಸವಲ್ಲ.

ಕೇಳಬೇಕಾದದ್ದು ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡವನ್ನು. ಜಿಲ್ಲಾ ಆರೋಗ್ಯ ಮತ್ತು ಕುಟುಂಬ ಕಲ್ಯಾಣಾಧಿಕಾರಿಗಳಿಗೆ ಒಂದು ಪತ್ರ ಕೊಡಿ, ಅದರ ಪ್ರತಿಯನ್ನು ಚಿಗಟೇರಿ ಜಿಲ್ಲಾ ಆಸ್ಪತ್ರೆಯ ಮನೋರೋಗ ವಿಭಾಗಕ್ಕೂ ಮುಟ್ಟಿಸಿ. ಈ ಕಾರ್ಯಕ್ರಮದ ಮಾದರಿ ಹುಟ್ಟಿದ್ದೇ ನಮ್ಮ ಪಕ್ಕದ ಬಳ್ಳಾರಿ ಜಿಲ್ಲೆಯಲ್ಲಿ. 1980ರ ದಶಕದಲ್ಲಿ ನಿಮ್ಹಾನ್ಸ್‌ನವರು ಅಲ್ಲಿ ಮಾಡಿದ ಪ್ರಯೋಗವೇ ಮುಂದೆ 1996ರಲ್ಲಿ ದೇಶದ ಕಾರ್ಯಕ್ರಮವಾಯಿತು. ಪತ್ರದಲ್ಲಿ ‘ಜಾಗೃತಿ ಕಾರ್ಯಕ್ರಮ’ ಎಂದು ಬರೆಯಬೇಡಿ. ಹಾಗೆ ಬರೆದರೆ ಒಂದು ಗಂಟೆಯ ಭಾಷಣ ಸಿಗುತ್ತದೆ. ‘ಇಪ್ಪತ್ತು ಜನರಿಗೆ ಅಭ್ಯಾಸ ಸಹಿತ ಒಂದು ದಿನದ ತರಬೇತಿ’ ಎಂದೇ ಬರೆಯಿರಿ.

ಒಂದು ತಂಡಕ್ಕೆ 20ರಿಂದ 25 ಜನ ಸಾಕು, ಅದಕ್ಕಿಂತ ಹೆಚ್ಚಾದರೆ ಅಭ್ಯಾಸ ನಡೆಯುವುದಿಲ್ಲ. ಆರು ಗಂಟೆ ಸಿಕ್ಕರೆ ಅದರಲ್ಲಿ ಪಾಠಕ್ಕೆ ಒಂದೂವರೆ ಗಂಟೆ ದಾಟಬಾರದು. ತಪ್ಪು ಕಲ್ಪನೆಗಳಿಗೆ ಮುಕ್ಕಾಲು ಗಂಟೆ, ಅಪಾಯದ ಸೂಚನೆಗಳಿಗೆ ಮುಕ್ಕಾಲು ಗಂಟೆ. ಅಭ್ಯಾಸಕ್ಕೆ ಎರಡೂವರೆ ಗಂಟೆಯಾದರೂ ಬೇಕು. ಮೂರು ಮೂರು ಜನ ಕೂತು, ಒಬ್ಬರು ಸಂಕಟದಲ್ಲಿರುವವರಾಗಿ, ಇನ್ನೊಬ್ಬರು ಕೇಳುವವರಾಗಿ ಎಂಟು ನಿಮಿಷ ಮಾತಾಡಬೇಕು. ಮೂರನೆಯವರು ಸುಮ್ಮನೆ ನೋಡಿ, ಆಮೇಲೆ ನಾಲ್ಕು ನಿಮಿಷ ತಾವು ಕಂಡದ್ದನ್ನು ಹೇಳಬೇಕು. ಪಾತ್ರ ಬದಲಿಸುತ್ತಾ ಮೂವರೂ ಕೇಳುವವರಾಗಬೇಕು. ‘ಸಾಯಬೇಕು ಅನ್ನಿಸುತ್ತಾ?’ ಎಂಬ ಎರಡು ಪದ ಮೊದಲ ಸುತ್ತಿನಲ್ಲಿ ಎಂಥ ಮಾತುಗಾರರ ಗಂಟಲಲ್ಲೂ ಸಿಕ್ಕಿಕೊಳ್ಳುತ್ತದೆ. ಮೂರನೇ ಸುತ್ತಿಗೆ ಬಾಯಿಗೆ ಬರುತ್ತದೆ. ಆ ಮಾತನ್ನು ಬಾಯಿಗೆ ತರಿಸದ ತರಬೇತಿಗೆ ಎಷ್ಟು ದೊಡ್ಡ ಸರ್ಟಿಫಿಕೇಟ್ ಕೊಟ್ಟರೂ ವ್ಯರ್ಥ.

ಉಳಿದ ಹೊತ್ತಿನಲ್ಲಿ ಒಂದೇ ಹಾಳೆಯ ಸಂಪರ್ಕ ಪಟ್ಟಿ ತಯಾರಿಸಿ. ನಿಮ್ಮ ವಾರ್ಡಿನ ನಗರ ಆರೋಗ್ಯ ಕೇಂದ್ರ, ಜಿಲ್ಲಾ ಆಸ್ಪತ್ರೆಯ ಮನೋರೋಗ ಹೊರರೋಗಿ ವಿಭಾಗದ ದಿನ ಮತ್ತು ಹೊತ್ತು, ಟೆಲಿ ಮಾನಸ್ 14416, ಆಂಬುಲೆನ್ಸ್ 108, ತುರ್ತಿಗೆ 112, ಹೆಣ್ಣುಮಕ್ಕಳ ಸಹಾಯವಾಣಿ 181, ಮಕ್ಕಳ ಸಹಾಯವಾಣಿ 1098. ಹಳ್ಳಿಯವರಾದರೆ ತಾಲ್ಲೂಕು ಆಸ್ಪತ್ರೆಯ ಮನೋಚೈತನ್ಯ ಕ್ಲಿನಿಕ್ಕನ್ನೂ ಸೇರಿಸಿ. ಮಂಗಳವಾರ ಮನೋವೈದ್ಯರು ಬರುವ ಏರ್ಪಾಡು ಅದು. ಆದರೆ ಯಾವ ಮಂಗಳವಾರ ಎಂದು ಮೊದಲೇ ಫೋನ್ ಮಾಡಿ ತಿಳಿದುಕೊಳ್ಳಿ. ಜಗಳೂರಿನಿಂದಲೋ ಚನ್ನಗಿರಿಯಿಂದಲೋ ಬಸ್ಸು ಹತ್ತಿಸಿ ಕರೆತಂದವರನ್ನು ‘ಇವತ್ತು ಸಾಹೇಬ್ರು ಬಂದಿಲ್ಲ’ ಎಂದು ಹಿಂದಕ್ಕೆ ಕಳಿಸಿದರೆ ಎರಡನೇ ಸಲ ಅವರು ಬರುವುದಿಲ್ಲ. ಪೋಸ್ಟರಿಗೆ ಹಾಕುವ ಮುನ್ನ ಪ್ರತಿ ನಂಬರಿಗೂ ಒಬ್ಬರು ಕರೆ ಮಾಡಿ ನೋಡಬೇಕು. ತರಬೇತಿಯಲ್ಲೇ ಒಬ್ಬರು ಸ್ಪೀಕರ್ ಹಾಕಿ 14416ಕ್ಕೆ ಕರೆ ಮಾಡಿ, ಭಾಷೆ ಆರಿಸುವುದು ಹೇಗೆ, ಮೊದಲು ಏನು ಕೇಳುತ್ತಾರೆ ಎಂಬುದನ್ನು ಎಲ್ಲರಿಗೂ ಕೇಳಿಸಲಿ. ಇಪ್ಪತ್ತೂ ಜನ ಒಟ್ಟಿಗೆ ಪ್ರಯೋಗ ಮಾಡಿದರೆ ನಿಜವಾಗಿ ಬೇಕಾದವರಿಗೆ ಲೈನ್ ಸಿಗದೆ ಹೋದೀತು.

ಇಂಥ ತರಬೇತಿ ಕೆಡುವುದು ಹೆಚ್ಚಾಗಿ ಬೆಳಿಗ್ಗೆಯೇ. ಉದ್ಘಾಟನೆ, ಶಾಲು, ಹಾರ, ಅಧ್ಯಕ್ಷರ ನುಡಿ ಮುಗಿಯುವಷ್ಟರಲ್ಲಿ ಊಟದ ಹೊತ್ತಾಗಿ, ಅಭ್ಯಾಸ ‘ಮುಂದಿನ ಸಲ’ಕ್ಕೆ ಹೋಗುತ್ತದೆ. ಉದ್ಘಾಟನೆ ಬೇಕೇ ಬೇಕೆಂದರೆ ಸಂಜೆ ಇಟ್ಟುಕೊಳ್ಳಿ. ಇನ್ನೊಂದು ಕೊರತೆ ಏನೆಂದರೆ ಕಲಿತದ್ದು ತಿಂಗಳುಗಳಲ್ಲೇ ಮಾಸುತ್ತದೆ. ಮೂರು ತಿಂಗಳಿಗೊಮ್ಮೆ ಎರಡು ಗಂಟೆ ಸೇರಿ ಬರೀ ಅಭ್ಯಾಸ ಮಾಡಿ.

ಯಾರನ್ನು ಸೇರಿಸಿಕೊಳ್ಳಬೇಕು? ಹೆಚ್ಚು ಮಾತಾಡುವವರಿಗಿಂತ ಗುಟ್ಟು ಉಳಿಸಿಕೊಳ್ಳುವವರು ಬೇಕು. ಹತ್ತಿರದವರನ್ನು ಇತ್ತೀಚೆಗೆ ಹೀಗೆಯೇ ಕಳೆದುಕೊಂಡವರು ಎಲ್ಲರಿಗಿಂತ ಮುಂದೆ ಬಂದು ಹೆಸರು ಬರೆಸುತ್ತಾರೆ. ಅವರನ್ನು ಬೇಡವೆನ್ನಬೇಡಿ, ಆದರೆ ವರ್ಷ ಕಳೆಯುವವರೆಗೆ ಪಟ್ಟಿ ನೋಡಿಕೊಳ್ಳುವುದು, ಸಭೆ ಕರೆಯುವುದು ಇಂಥ ಕೆಲಸ ಕೊಡಿ.

ಪ್ರಶ್ನೆ: ಮನೆಮನೆಗೆ ಹೋಗುವಾಗ ಕೆಲವು ಹೆಣ್ಣುಮಕ್ಕಳನ್ನು ನೋಡಿದರೆ ಭಯವಾಗುತ್ತದೆ. ಆದರೆ ಬಾಯಿಬಿಟ್ಟು ಕೇಳಿದರೆ ಇಲ್ಲದ ಯೋಚನೆಯನ್ನು ನಾವೇ ತಲೆಗೆ ಹಾಕಿದಂತೆ ಆಗುವುದಿಲ್ಲವೇ? ಹೇಗೆ ಕೇಳಬೇಕು?
*— ಆಶಾ ಕಾರ್ಯಕರ್ತೆ, ಜಗಳೂರು ತಾಲ್ಲೂಕು*

ಆಗುವುದಿಲ್ಲ. ಕೇಳಿದ್ದರಿಂದ ಆ ಯೋಚನೆ ಹೆಚ್ಚಿತೆಂದು ಅಧ್ಯಯನಗಳಲ್ಲಿ ಕಂಡುಬಂದಿಲ್ಲ. ‘ಅಂತೂ ಒಬ್ಬರು ಕೇಳಿದರಲ್ಲ’ ಎಂದು ಹಗುರಾಗುವವರೇ ಹೆಚ್ಚು. ಯೋಚನೆ ಇಲ್ಲದವರು ‘ಛೆ, ಅಂಥದ್ದೇನಿಲ್ಲ’ ಎಂದು ನಕ್ಕು ಸುಮ್ಮನಾಗುತ್ತಾರೆ. ಕಳೆದುಕೊಳ್ಳುವುದು ಏನೂ ಇಲ್ಲ.

ನಮ್ಮ ಕಡೆಯ ಮಾತಿನಲ್ಲಿ ಈ ಯೋಚನೆ ನೇರವಾಗಿ ಹೊರಗೆ ಬರುವುದು ಕಡಿಮೆ. ‘ಸಾಕಾಗೈತೆ ಕಣಕ್ಕಾ’, ‘ಇನ್ನು ನನ್ ಕಾಟ ನಿಮಗಿರಲ್ಲ’, ‘ನಾನಿಲ್ದಿದ್ರೂ ಮಕ್ಕಳು ಹೆಂಗೋ ಬದುಕ್ತಾವೆ’, ‘ದೇವ್ರು ಕರಕೊಂಡ್ರೆ ಸಾಕು’. ಕೆರೆ ಬಾವಿಯ ಮಾತನ್ನು ಜಗಳದಲ್ಲಿ ಆಡಿದರೆ ‘ಇದು ಇವಳ ದಿನದ ರಾಗ’ ಎಂದು ಮನೆಯವರು ತಳ್ಳಿಹಾಕುತ್ತಾರೆ. ದಿನಾ ಹೇಳುವವರು ಮಾಡುವುದಿಲ್ಲ ಎಂಬುದು ತಪ್ಪು ಲೆಕ್ಕ. ಮಾತಿಗಿಂತ ನಡೆಯಲ್ಲಿ ಕಾಣುವ ಬದಲಾವಣೆಯನ್ನು ನೀವು ಬೇಗ ಹಿಡಿಯಬಲ್ಲಿರಿ. ತಲೆ ಬಾಚಿಲ್ಲ, ಒಲೆ ಹಚ್ಚಿಲ್ಲ, ನಿದ್ದೆಯಿಲ್ಲ, ಸಂಘದ ಸಾಲದ ಪುಸ್ತಕವನ್ನು ತಂಗಿಯ ಕೈಗೆ ಒಪ್ಪಿಸಿದ್ದಾಳೆ, ಕೂಸನ್ನು ತವರಿಗೆ ಬಿಟ್ಟು ಬಂದಿದ್ದಾಳೆ. ಬಹಳ ದಿನ ಕುಗ್ಗಿದ್ದವರು ಕಾರಣವೇ ಇಲ್ಲದೆ ಇದ್ದಕ್ಕಿದ್ದಂತೆ ಶಾಂತರಾದರೆ ‘ಅಬ್ಬಾ, ಸರಿಹೋದರು’ ಎಂದು ಕೈಬಿಡಬೇಡಿ, ಅಂದೇ ಕೇಳಿ.

ಬಾಣಂತಿಯರನ್ನು ಕೇಳಲು ನಿಮಗೆ ಬೇರೆ ದಿನ ಹುಡುಕಬೇಕಿಲ್ಲ. ಹೆರಿಗೆಯಾದ 3, 7, 14, 21, 28, 42ನೇ ದಿನಗಳಂದು ಕೂಸನ್ನು ನೋಡಲು ಹೋಗುತ್ತೀರಿ. ಕೂಸನ್ನು ತೂಗಿ, ಬಿಸಿ ನೋಡಿ, ಫಾರಂ ತುಂಬಿ ಬರುವುದರೊಳಗೆ ತಾಯಿಯ ಮುಖ ನೋಡುವುದೇ ಮರೆಯುತ್ತದೆ. ಐದು ನಿಮಿಷ ಅವಳಿಗೆಂದು ಇಡಿ.

ಅತ್ತೆಯೆದುರು ಕೇಳಬೇಡಿ. ಬಾಗಿಲಲ್ಲಿ ನಿಂತೂ ಕೇಳಬೇಡಿ. ಹಿತ್ತಲಲ್ಲೋ ಅಂಗನವಾಡಿಗೆ ಹೋಗುವ ದಾರಿಯಲ್ಲೋ, ಇಬ್ಬರೇ ಇರುವಾಗ ಮೊದಲು ನೀವು ಕಂಡದ್ದನ್ನು ಹೇಳಿ: ‘ಹೋದ ವಾರದಿಂದ ನೋಡ್ತಿದೀನಿ ಕಣವ್ವಾ, ಊಟ ಸೇರ್ತಿಲ್ಲ, ಮಾತು ಕಮ್ಮಿಯಾಗೈತೆ. ಏನಾಗೈತೆ?’ ಅವಳು ಹೇಳಿದ್ದನ್ನು ಪೂರ್ತಿ ಕೇಳಿಸಿಕೊಳ್ಳಿ. ಆಮೇಲೆ: ‘ಇಷ್ಟು ನೋವಿದ್ದಾಗ ಕೆಲವರಿಗೆ ಸಾಯ್ಬೇಕು ಅನ್ಸುತ್ತೆ. ನಿಂಗೂ ಹಂಗೆ ಅನ್ಸೈತಾ?’ ಕೇಳಿದ ಮೇಲೆ ಬಾಯಿ ಮುಚ್ಚಿಕೊಂಡಿರಿ. ಮನಸ್ಸಿನಲ್ಲೇ ಹತ್ತು ಎಣಿಸಿ. ಆ ಮೌನ ಸಹಿಸಲಾರದೆ ಹೆಚ್ಚಿನವರು ತಾವೇ ಉತ್ತರ ಹೇಳಿಬಿಡುತ್ತಾರೆ. ‘ಅಂಥ ಹುಚ್ಚು ಯೋಚನೆ ಏನೂ ಇಲ್ಲ ತಾನೇ?’ ಎಂದು ಕೇಳುವುದೂ ಒಂದೇ, ಕೇಳದಿರುವುದೂ ಒಂದೇ. ‘ಇಲ್ಲ’ ಎಂಬ ಉತ್ತರವನ್ನು ಅದು ಬೇಡಿ ಪಡೆಯುತ್ತದೆ.

‘ಹೌದು’ ಎಂದರೆ ಹೆದರಬೇಡಿ. ‘ನನ್ನ ಹತ್ರ ಹೇಳಿದ್ದು ಒಳ್ಳೇದಾಯ್ತು’ ಎನ್ನಿ. ಮತ್ತೆ ನಾಲ್ಕು ಸಂಗತಿ ತಿಳಿಯಬೇಕು. ಹೇಗೆ ಎಂದು ಯೋಚಿಸಿದ್ದಾಳಾ, ಯಾವಾಗ ಎಂದು ಗೊತ್ತುಮಾಡಿಕೊಂಡಿದ್ದಾಳಾ, ಅದಕ್ಕೆ ಬೇಕಾದದ್ದು ಮನೆಯಲ್ಲೇ ಇದೆಯಾ, ಹಿಂದೆ ಯಾವಾಗಲಾದರೂ ಯತ್ನಿಸಿದ್ದಾಳಾ. ಯೋಚನೆ ಮಾತ್ರ, ಮಿಕ್ಕಿದ್ದಕ್ಕೆಲ್ಲ ಇಲ್ಲವೆಂದರೆ ಅಲ್ಲೇ ಕೂತು ಟೆಲಿ ಮಾನಸ್‌ಗೆ ಕರೆ ಹಚ್ಚಿ ಕೊಡಿ, ಒಂದೆರಡು ದಿನದಲ್ಲೇ ವೈದ್ಯರ ಬಳಿ ಕರೆದೊಯ್ಯಿರಿ, ನಡುವೆ ಮತ್ತೆ ಹೋಗಿ ನೋಡಿ. ಹೇಗೆಂದೂ ಯೋಚಿಸಿದ್ದು, ಹಿಂದೆಯೂ ಯತ್ನಿಸಿದ್ದರೆ ಅವತ್ತೇ ಆಸ್ಪತ್ರೆ. ಇವತ್ತು ನಾಳೆ ಎಂದು ಗೊತ್ತುಮಾಡಿಕೊಂಡಿದ್ದು ವಸ್ತುವೂ ಕೈಗೆಟಕುವಂತಿದ್ದರೆ ಒಂದು ನಿಮಿಷವೂ ಒಬ್ಬಳನ್ನೇ ಬಿಡಬಾರದು. ಅದನ್ನು ದೂರ ಮಾಡಿಸಿ, ಅವಳು ನಂಬುವ ಒಬ್ಬರನ್ನು ಕರೆಸಿ, 108ಕ್ಕೆ ಫೋನ್ ಮಾಡಿ. ಮನೆಯವರ ಹೊಡೆತವೇ ಕಾರಣವಾಗಿದ್ದರೆ ಅದೇ ಮನೆಯವರಿಗೆ ಒಪ್ಪಿಸಿ ಬರಬೇಡಿ. 181ಕ್ಕೆ ಕರೆ ಮಾಡಿ, ಇಲ್ಲವೇ ಹಿಂಸೆಗೊಳಗಾದ ಹೆಣ್ಣುಮಕ್ಕಳಿಗೆ ನೆರವಾಗುವ ಸಖಿ ಕೇಂದ್ರಕ್ಕೆ ತಲುಪಿಸಿ.

ಪ್ರಶ್ನೆ: ‘ಯಾರಿಗೂ ಹೇಳಲ್ಲ ಅಂತ ಮಾತು ಕೊಡು, ಆಮೇಲೆ ಹೇಳ್ತೀನಿ’ ಎಂದರೆ?
*— ಪದವಿ ವಿದ್ಯಾರ್ಥಿನಿ, ಹರಿಹರ*

ಕೊಡಬೇಡಿ. ‘ನಿನ್ನ ವಿಷಯ ಊರಿಗೆಲ್ಲ ಹೇಳಿಕೊಂಡು ತಿರುಗಲ್ಲ. ಆದರೆ ನಿನ್ನ ಜೀವಕ್ಕೆ ಕುತ್ತು ಅನ್ನಿಸಿದರೆ ಸಹಾಯ ಮಾಡುವವರಿಗೆ ಹೇಳೇ ಹೇಳ್ತೀನಿ. ಯಾರಿಗೆ ಹೇಳೋದು ಅಂತ ಇಬ್ಬರೂ ಕೂತು ಆರಿಸೋಣ’ ಎನ್ನಿ. ಮೊದಲೇ ಹೇಳಿದರೆ ಮುನಿಸಿಕೊಂಡರೂ ಮಾತು ಮುಂದುವರಿಯುತ್ತದೆ. ಮಾತು ಕೊಟ್ಟು ಮುರಿದರೆ ಮುಂದಿನ ಸಲ ಯಾರನ್ನೂ ನಂಬುವುದಿಲ್ಲ.

ಪ್ರಶ್ನೆ: ನಮ್ಮೂರ ದೇವಸ್ಥಾನದಲ್ಲಿ ‘ಇನ್ನು ಹಾಗೆ ಮಾಡಿಕೊಳ್ಳುವುದಿಲ್ಲ’ ಎಂದು ದೇವರ ಮುಂದೆ ಆಣೆ ಮಾಡಿಸುವ ರೂಢಿ ಇದೆ. ಒಳ್ಳೆಯದೇ ಅಲ್ಲವೇ?
*— ದೇವಸ್ಥಾನ ಸಮಿತಿ ಸದಸ್ಯರು, ಹೊಸದುರ್ಗ ತಾಲ್ಲೂಕು*

ಮಾಡಿಸುವವರ ಮನಸ್ಸಿಗೆ ಒಳ್ಳೆಯದು. ಮಾಡಿದವರಿಗೆ ಅದರಿಂದ ರಕ್ಷಣೆ ಸಿಗುತ್ತದೆ ಎನ್ನಲು ಆಧಾರವಿಲ್ಲ. ವಿದೇಶದ ಆಸ್ಪತ್ರೆಗಳಲ್ಲೂ ಒಂದು ಕಾಲಕ್ಕೆ ಹೀಗೆಯೇ ಕರಾರು ಬರೆಸಿ ಸಹಿ ಹಾಕಿಸಿಕೊಳ್ಳುತ್ತಿದ್ದರು, ಉಪಯೋಗ ಕಾಣಲಿಲ್ಲ. ಆಣೆ ಹಾಕಿದವರಿಗೆ ಆ ಯೋಚನೆ ಮರಳಿ ಬಂದಾಗ ದೇವರ ಭಯವೂ ಸೇರಿ, ಬಾಯಿಬಿಡುವುದೇ ಕಷ್ಟವಾಗುತ್ತದೆ.

ಆಣೆಯ ಬದಲು ಒಂದು ಹಾಳೆ ಬರೆಸಿ. ಇದಕ್ಕೆ ಸುರಕ್ಷತಾ ಯೋಜನೆ ಎನ್ನುತ್ತಾರೆ. ಅವರದೇ ಮಾತಿನಲ್ಲಿ ಆರು ಸಂಗತಿ ಇರಬೇಕು. ಯೋಚನೆ ಶುರುವಾಗುವ ಮುನ್ನ ನನ್ನಲ್ಲಿ ಏನು ಕಾಣುತ್ತದೆ. ಒಬ್ಬನೇ ಇದ್ದಾಗ ಏನು ಮಾಡಿದರೆ ಸ್ವಲ್ಪ ಹೊತ್ತು ಕಳೆಯುತ್ತದೆ. ಎಲ್ಲಿಗೆ, ಯಾರ ಬಳಿ ಹೋದರೆ ಮನಸ್ಸು ಬೇರೆ ಕಡೆ ತಿರುಗುತ್ತದೆ. ಯಾರಿಗೆ ಬಾಯಿಬಿಟ್ಟು ಹೇಳಿಕೊಳ್ಳಬಲ್ಲೆ. ಯಾವ ಡಾಕ್ಟರು, ಯಾವ ಸಹಾಯವಾಣಿ. ಮನೆಯಲ್ಲಿ ಅಪಾಯದ ವಸ್ತುವನ್ನು ಯಾರು, ಎಲ್ಲಿಗೆ, ಯಾವತ್ತು ಸಾಗಿಸುತ್ತಾರೆ. ‘ಧ್ಯಾನ ಮಾಡುವುದು’ ಎಂದು ಬರೆಸಬೇಡಿ, ಅವರು ಮಾಡುವುದಿಲ್ಲ. ‘ಎಮ್ಮೆ ಹೊಡಕೊಂಡು ಹಳ್ಳದ ಕಡೆ ಹೋಗೋದು’, ‘ಭಜನೆ ಮನೆಯಲ್ಲಿ ಕೂರೋದು’ ಎಂದು ಅವರು ಹೇಳಿದರೆ ಅದನ್ನೇ ಬರೆಯಿರಿ. ಮನೋವೈದ್ಯರೋ ತರಬೇತಾದ ಕಾರ್ಯಕರ್ತರೋ ಜೊತೆಗಿದ್ದರೆ ಇನ್ನೂ ಒಳ್ಳೆಯದು. ಹಾಳೆಯ ಒಂದು ಪ್ರತಿ ಅವರ ಜೇಬಿನಲ್ಲಿರಲಿ, ಒಂದು ಅವರು ನಂಬುವವರ ಬಳಿ.

ಪ್ರಶ್ನೆ: ನಂದು ಗೊಬ್ಬರ, ಔಷಧಿ ಅಂಗಡಿ. ನಾವು ಮಾರಿದ್ದನ್ನೇ ಬಳಸಿ ಜೀವ ಕಳಕೊಂಡರೆ ಮನಸ್ಸಿಗೆ ಬಹಳ ಕಷ್ಟ. ವ್ಯಾಪಾರ ಬಿಡಲಾಗದು. ಏನು ಮಾಡಬಹುದು? ಎಲ್ಲ ಮನೆಗೂ ಬೀಗದ ಪೆಟ್ಟಿಗೆ ಹಂಚುವ ವಿಚಾರವೂ ಇದೆ.
*— ಅಂಗಡಿ ಮಾಲೀಕರು, ಚಳ್ಳಕೆರೆ*

ಪೆಟ್ಟಿಗೆಯ ವಿಚಾರ ಮೊದಲು, ಏಕೆಂದರೆ ದಾನಿಗಳಿಗೆ ಬಹಳ ಇಷ್ಟವಾಗುವ ಕೆಲಸ ಇದು. ಶ್ರೀಲಂಕಾದಲ್ಲಿ 180 ಹಳ್ಳಿಗಳನ್ನು ಆರಿಸಿ, ಅರ್ಧ ಹಳ್ಳಿಗಳ ಮನೆಗಳಿಗೆ ಬೀಗದ ಪೆಟ್ಟಿಗೆ ಕೊಟ್ಟು, ಉಳಿದವಕ್ಕೆ ಕೊಡದೆ ವರ್ಷಗಟ್ಟಲೆ ಲೆಕ್ಕ ಇಟ್ಟರು. 2017ರಲ್ಲಿ ಫಲಿತಾಂಶ ಬಂತು. ಕೀಟನಾಶಕದ ಪ್ರಕರಣಗಳು ಪೆಟ್ಟಿಗೆಯಿಂದ ಕಡಿಮೆಯಾದದ್ದು ಕಾಣಲಿಲ್ಲ. ಕೀಲಿಕೈ ಮನೆಯಲ್ಲೇ ಮೊಳೆಗೆ ನೇತಾಡುತ್ತಿದ್ದರೆ ಬೀಗವಿದ್ದೂ ಏನು? ಅದೇ ದೇಶದಲ್ಲಿ ಅತಿ ವಿಷಕಾರಿ ಕೀಟನಾಶಕಗಳನ್ನು ಒಂದೊಂದಾಗಿ ನಿಷೇಧಿಸುತ್ತಾ ಬಂದ ಮೇಲೆ ಒಟ್ಟು ಆತ್ಮಹತ್ಯೆ ಪ್ರಮಾಣ 1995ರಿಂದ 2015ರ ನಡುವೆ ಶೇ 70ರಷ್ಟು ಇಳಿಯಿತು. ನಿಷೇಧ ಸರ್ಕಾರದ ಕೈಯಲ್ಲಿದೆ, ನಿಜ. ಆದರೆ ಯಾವ ಸರಕು ತರಿಸಬೇಕು ಎಂಬುದು ನಿಮ್ಮ ಕೈಯಲ್ಲೂ ಸ್ವಲ್ಪ ಇದೆ. ಒಂದೇ ಹುಳಕ್ಕೆ ಕಡಿಮೆ ವಿಷದ ಔಷಧಿ ಸಿಗುವಾಗ ಅದನ್ನೇ ಮುಂದೆ ಜೋಡಿಸಿಡಿ. ಡಬ್ಬದ ಮೇಲಿನ ತ್ರಿಕೋನದ ಬಣ್ಣ ನಿಮಗೆ ಗೊತ್ತೇ ಇದೆ. ಕೆಂಪು ಅತಿ ವಿಷ, ಆಮೇಲೆ ಹಳದಿ, ನೀಲಿ, ಕೊನೆಗೆ ಹಸಿರು.

ತಮಿಳುನಾಡಿನ ಕಾಟ್ಟುಮನ್ನಾರ್‌ಕೋಯಿಲ್ ತಾಲ್ಲೂಕಿನಲ್ಲಿ ಬೇರೆ ದಾರಿ ಹಿಡಿದರು. ಆತ್ಮಹತ್ಯೆ ತಡೆಯುವ ಕೆಲಸ ಮಾಡುವ ಚೆನ್ನೈನ ‘ಸ್ನೇಹಾ’ ಸಂಸ್ಥೆಯ ಮನೋವೈದ್ಯೆ ಲಕ್ಷ್ಮಿ ವಿಜಯಕುಮಾರ್ ಅವರ ತಂಡ ಊರಿಗೊಂದು ಕೋಣೆ ಕಟ್ಟಿಸಿತು. ಬ್ಯಾಂಕ್ ಲಾಕರಿನಂತೆ ರೈತರಿಗೊಂದು ಪೆಟ್ಟಿಗೆ, ಕೋಣೆಗೊಬ್ಬ ಉಸ್ತುವಾರಿ. ಬೇಕಾದಷ್ಟು ತೆಗೆದುಕೊಂಡು ಮಿಕ್ಕಿದ್ದನ್ನು ಅಲ್ಲೇ ಇಡುವುದು. ಸಣ್ಣ ಪ್ರಯೋಗವಾದರೂ 2013ರಲ್ಲಿ ಬಂದ ಅದರ ಫಲಿತಾಂಶ ಆಶಾದಾಯಕವಾಗಿತ್ತು. ವಿಷ ಮನೆಯೊಳಗೇ ಇಲ್ಲದಿದ್ದರೆ, ಕೋಣೆಯವರೆಗೆ ನಡೆದು ಇನ್ನೊಬ್ಬರ ಮುಖ ನೋಡಿ ಕೇಳಬೇಕಾದರೆ, ಆ ಹತ್ತಿಪ್ಪತ್ತು ನಿಮಿಷದಲ್ಲೇ ಉಬ್ಬರ ಇಳಿಯಬಹುದು. ನಿಮ್ಮ ಕೃಷಿ ಪತ್ತಿನ ಸಹಕಾರ ಸಂಘದ ಗೋದಾಮಿನ ಒಂದು ಮೂಲೆಯಲ್ಲಿ ಇದನ್ನು ಮಾಡಬಹುದು. ಉಸ್ತುವಾರಿ ಬೆಳಿಗ್ಗೆ ಆರಕ್ಕೇ ಬಾಗಿಲು ತೆಗೆಯದಿದ್ದರೆ ಮಾತ್ರ ಕೆಲಸ ಕೆಡುತ್ತದೆ. ಸಿಂಪಡಣೆ ಬಿಸಿಲೇರುವ ಮುಂಚೆ ಆಗಬೇಕು, ಬಾಗಿಲು ತೆರೆಯದಿದ್ದರೆ ರೈತರು ಡಬ್ಬವನ್ನು ಹಿಂದಿನ ರಾತ್ರಿಯೇ ಮನೆಗೆ ಒಯ್ದಿಟ್ಟುಕೊಳ್ಳುತ್ತಾರೆ.

ಅಷ್ಟೆಲ್ಲ ಆಗುವವರೆಗೆ ಕೌಂಟರಿನಲ್ಲೇ ಮಾಡಬಹುದಾದದ್ದಿದೆ. ಶೇಂಗಾಕ್ಕೋ ಈರುಳ್ಳಿಗೋ, ಎಷ್ಟು ಎಕರೆಗೆ, ಎಂದು ಹೊಡೆಯುವುದು ಎಂದು ಕೇಳಿ, ಒಂದು ಸಿಂಪಡಣೆಗೆ ಆಗುವಷ್ಟೇ ಕೊಡಿ. ಲೀಟರ್ ಡಬ್ಬದಲ್ಲಿ ಉಳಿಕೆ ಅರ್ಧ ಲೀಟರು ಮನೆಯ ಅಟ್ಟ ಸೇರುವುದೇ ಬೇಡ. ಬೆಳೆಯೂ ಹೇಳಲಾರದ, ಹುಳವೂ ಹೇಳಲಾರದ, ಕಣ್ಣು ಕೆಂಪಾಗಿಯೋ ಕುಡಿದೋ ಬಂದವರಿಗೆ ಅಂದು ಮಾರಬೇಡಿ. ‘ಸರಕು ಮುಗಿದೈತೆ, ನಾಳೆ ಮನೆಯವರ ಜೊತೆ ಬಾರಪ್ಪ’ ಎಂದು ಕೂರಿಸಿ, ಚಹಾ ತರಿಸಿ, ‘ಏನು ಕಷ್ಟ ಐತೆ?’ ಎಂದು ಕೇಳಿ, ಅವರ ಕಡೆಯವರಿಗೆ ಫೋನ್ ಮಾಡಿಸಿ. ಅಂಗಡಿ ಹುಡುಗರಿಗೂ ಇದನ್ನು ಹೇಳಿಕೊಟ್ಟಿರಬೇಕು, ನೀವು ಊಟಕ್ಕೆ ಹೋದಾಗ ಕೌಂಟರಿನಲ್ಲಿರುವವರು ಅವರೇ.

ಯಾರಾದರೂ ವಿಷ ತೆಗೆದುಕೊಂಡರೆಂದು ಓಡಿಬಂದರೆ 108ಕ್ಕೆ ಕರೆ ಮಾಡಿ, ತಡವೆಂದರೆ ಸಿಕ್ಕ ಗಾಡಿಯಲ್ಲಿ ಕಳಿಸಿ. ಉಪ್ಪುನೀರು, ಹುಣಸೆಹಣ್ಣಿನ ನೀರು ಕುಡಿಸಿ ವಾಂತಿ ಮಾಡಿಸುವುದು ನಮ್ಮ ಹಳ್ಳಿಗಳಲ್ಲಿ ಇನ್ನೂ ನಿಂತಿಲ್ಲ. ವಾಂತಿ ಶ್ವಾಸಕೋಶಕ್ಕೆ ಇಳಿದು ಉಳಿಯಬಹುದಾದ ಜೀವವೂ ಹೋಗುತ್ತದೆ. ಎಡ ಮಗ್ಗುಲಿಗೆ ಮಲಗಿಸಿ, ಔಷಧಿ ಬಿದ್ದ ಬಟ್ಟೆ ತೆಗೆದು ಮೈ ತೊಳೆಯಿರಿ, ತೊಳೆಯುವವರು ಕೈಗೆ ಪ್ಲಾಸ್ಟಿಕ್ ಕವರಾದರೂ ಹಾಕಿಕೊಳ್ಳಲಿ. ಡಬ್ಬವನ್ನು ಲೇಬಲ್ ಸಮೇತ ಆಸ್ಪತ್ರೆಗೆ ಒಯ್ಯಲು ಹೇಳಿ. ‘ಈಗ ಆರಾಮಿದಾರೆ’ ಎಂದು ಮನೆಯಲ್ಲೇ ಉಳಿಸಿಕೊಳ್ಳಬಾರದು.

ಪ್ರಶ್ನೆ: ಆಸ್ಪತ್ರೆಯಿಂದ ಬದುಕಿ ಬಂದವರ ಮನೆಗೆ ಹೋಗಬೇಕೇ, ಅವರಿಗೆ ನಾಚಿಕೆಯಾಗದೇ? ಪೊಲೀಸ್ ಕೇಸಿನ ಹೆದರಿಕೆಯೂ ಇದೆ.
*— ಗ್ರಾಮ ಪಂಚಾಯಿತಿ ಸದಸ್ಯೆ, ಹೊಳಲ್ಕೆರೆ ತಾಲ್ಲೂಕು*

ಸ್ವಯಂಸೇವಕರ ಕೆಲಸದಲ್ಲಿ ಅತಿ ಹೆಚ್ಚು ಫಲ ಕೊಡುವುದೂ ಇದೇ, ಅತಿ ಹೆಚ್ಚು ಕೈಬಿಟ್ಟುಹೋಗುವುದೂ ಇದೇ. ಒಮ್ಮೆ ಯತ್ನಿಸಿದವರಿಗೆ ಮತ್ತೆ ಅಪಾಯ ಬರುವ ಸಂಭವ ಬೇರೆಯವರಿಗಿಂತ ಹೆಚ್ಚು, ಅದರಲ್ಲೂ ಮನೆಗೆ ಮರಳಿದ ಮೊದಲ ವಾರಗಳಲ್ಲಿ. ಆಸ್ಪತ್ರೆಯಲ್ಲಿರುವಾಗ ಬಂದು ಹೋಗುವವರ ಸಾಲು ಇರುತ್ತದೆ. ಮನೆಗೆ ಬಂದ ಎಂಟನೇ ದಿನ ಯಾರೂ ಇರುವುದಿಲ್ಲ.

ವಿಶ್ವ ಆರೋಗ್ಯ ಸಂಸ್ಥೆ ಐದು ದೇಶಗಳಲ್ಲಿ 1,867 ಜನರ ಮೇಲೆ ಒಂದು ಅಧ್ಯಯನ ಮಾಡಿತು. ಐದು ಊರುಗಳಲ್ಲಿ ನಮ್ಮ ಚೆನ್ನೈ ಒಂದು. ಅರ್ಧ ಜನರಿಗೆ ಮಾಮೂಲಿ ಚಿಕಿತ್ಸೆ. ಇನ್ನರ್ಧ ಜನರಿಗೆ ಆಸ್ಪತ್ರೆ ಬಿಡುವಾಗ ಒಂದು ಗಂಟೆ ಕೂತು ಮಾತು, ಆಮೇಲೆ ಒಂದೂವರೆ ವರ್ಷದಲ್ಲಿ ಒಂಬತ್ತು ಸಲ ಫೋನೋ ಭೇಟಿಯೋ, ಅಷ್ಟೇ. 2008ರಲ್ಲಿ ಪ್ರಕಟವಾದ ಲೆಕ್ಕದಂತೆ ಮಾಮೂಲಿ ಗುಂಪಿನಲ್ಲಿ ಶೇ 2.2ರಷ್ಟು ಜನ ಆತ್ಮಹತ್ಯೆಯಿಂದ ತೀರಿಕೊಂಡಿದ್ದರೆ, ವಿಚಾರಿಸಿಕೊಂಡ ಗುಂಪಿನಲ್ಲಿ ಅದು ಶೇ 0.2. ಆ ಒಂಬತ್ತು ಭೇಟಿಗಳನ್ನು ಕ್ಯಾಲೆಂಡರಿನಲ್ಲಿ ಬರೆದಿಟ್ಟುಕೊಳ್ಳಿ: 1, 2, 4, 7, 11ನೇ ವಾರ, ಆಮೇಲೆ 4, 6, 12, 18ನೇ ತಿಂಗಳು.

ಹೋದಾಗ ‘ಯಾಕೆ ಹಂಗೆ ಮಾಡ್ಕೊಂಡೆ’ ಎಂದು ಕೇಳಬೇಡಿ. ಆ ಪ್ರಶ್ನೆಗೆ ಆಗಲೇ ಹತ್ತು ಜನರಿಗೆ ಉತ್ತರಿಸಿ ಸೋತಿರುತ್ತಾರೆ. ‘ನಿದ್ದೆ ಬರ್ತೈತಾ? ಗುಳಿಗೆ ತಗೋತಿದೀಯಾ? ಮತ್ತೆ ಆ ಯೋಚನೆ ಬಂದಿತ್ತಾ?’ ಇಷ್ಟು ಸಾಕು. ಹದಿನೈದು ನಿಮಿಷ ಕೂತು, ಮತ್ತೆ ಯಾವತ್ತು ಬರುತ್ತೀರೆಂದು ಹೇಳಿ ಏಳಿ. ಆ ದಿನ ತಪ್ಪಿಸಬೇಡಿ, ತಪ್ಪುವಂತಿದ್ದರೆ ಹಿಂದಿನ ದಿನವೇ ಫೋನ್ ಮಾಡಿ. ಗುಳಿಗೆಯ ಪೊಟ್ಟಣ ಮನೆಯ ಇನ್ನೊಬ್ಬರ ವಶದಲ್ಲಿರಲಿ, ಒಂದು ವಾರದ್ದಕ್ಕಿಂತ ಹೆಚ್ಚು ಒಟ್ಟಿಗೆ ಬೇಡವೆಂದು ವೈದ್ಯರಲ್ಲಿ ಕೇಳಿಕೊಳ್ಳಬಹುದು. ಸಾಲ ತೀರಿಸಿಕೊಡುವ, ಕೆಲಸ ಕೊಡಿಸುವ ಮಾತು ಬೇಡ. ಪಂಚಾಯಿತಿ ಸದಸ್ಯರಾಗಿ ನಿಮ್ಮ ಬಾಯಲ್ಲಿ ಅದು ಸಲೀಸಾಗಿ ಬಂದೀತು. ಆಗದೇ ಹೋದರೆ ಅವರ ನಿರಾಸೆಗೆ ಇನ್ನೊಂದು ಸೇರುತ್ತದೆ.

ಕಾನೂನಿನ ಹೆದರಿಕೆ ಹಳೆಯ ಕಾಲದ್ದು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2018ರ ಮೇ 29ರಿಂದ ಜಾರಿಯಲ್ಲಿದೆ. ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು, ಶಿಕ್ಷಿಸಬಾರದು ಎನ್ನುತ್ತದೆ ಅದರ 115ನೇ ಕಲಂ. ಅವರಿಗೆ ಆರೈಕೆ, ಚಿಕಿತ್ಸೆ ಒದಗಿಸುವುದು ಸರ್ಕಾರದ ಹೊಣೆ ಎಂದೂ ಅದೇ ಕಲಂ ಹೇಳುತ್ತದೆ. 2024ರ ಜುಲೈ 1ರಂದು ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಆತ್ಮಹತ್ಯೆ ಯತ್ನವನ್ನೇ ಅಪರಾಧವೆನ್ನುತ್ತಿದ್ದ ಹಳೆಯ ದಂಡ ಸಂಹಿತೆಯ 309ನೇ ಕಲಮೇ ಇಲ್ಲ. ಸರ್ಕಾರಿ ನೌಕರರನ್ನು ಮಣಿಸಲೆಂದು ಮಾಡುವ ಯತ್ನಕ್ಕೆ ಮಾತ್ರ 226ನೇ ಕಲಂ ಇದೆ. ಆಸ್ಪತ್ರೆಯವರು ಪೊಲೀಸರಿಗೆ ತಿಳಿಸುತ್ತಾರೆ, ಅದು ಅವರ ನಿಯಮ. ಆದರೆ ಕಾಗದಪತ್ರಕ್ಕಾಗಿ ತುರ್ತು ಚಿಕಿತ್ಸೆ ನಿಲ್ಲಿಸುವಂತಿಲ್ಲ, ಖಾಸಗಿ ಆಸ್ಪತ್ರೆಯೂ ನಿಲ್ಲಿಸುವಂತಿಲ್ಲ. ಸುಪ್ರೀಂ ಕೋರ್ಟ್ 1989ರಲ್ಲೇ ಇದನ್ನು ಹೇಳಿದೆ. ಕೇಸಿಗೆ ಹೆದರಿ ‘ಹೊಟ್ಟೆನೋವು’ ಎಂದು ಸುಳ್ಳು ಹೇಳಿ ಸೇರಿಸುವುದರಿಂದ ಚಿಕಿತ್ಸೆಯೇ ತಪ್ಪುತ್ತದೆ.

ಪ್ರಶ್ನೆ: ನಮ್ಮ ಹಾಸ್ಟೆಲಿನಲ್ಲಿ ಪಿಯು, ನೀಟ್ ಓದುವ ನೂರಕ್ಕೂ ಹೆಚ್ಚು ಮಕ್ಕಳಿದ್ದಾರೆ. ಫಲಿತಾಂಶದ ದಿನ ಏನು ಎಚ್ಚರ ವಹಿಸಬೇಕು?
*— ವಾರ್ಡನ್, ದಾವಣಗೆರೆ*

ಫಲಿತಾಂಶದ ದಿನ ಶುರುಮಾಡಿದರೆ ತಡವಾಯಿತು. ಹತ್ತು ದಿನ ಮುಂಚೆ ಪಟ್ಟಿ ಮಾಡಿ. ಪಟ್ಟಿಯಲ್ಲಿ ಫೇಲಾಗುವವರಷ್ಟೇ ಇದ್ದರೆ ಅದು ಅರ್ಧ ಪಟ್ಟಿ. 97 ಬರುತ್ತದೆಂದು ಅಪ್ಪ ಊರಲ್ಲೆಲ್ಲ ಹೇಳಿಕೊಂಡಿದ್ದು 90 ಬರಬಹುದಾದವರೂ, ಜಮೀನು ಅಡವಿಟ್ಟು ಕೋಚಿಂಗ್ ಶುಲ್ಕ ಕಟ್ಟಿದ ಮನೆಯವರೂ, ಮೆಸ್ಸಿನಲ್ಲಿ ಒಬ್ಬರೇ ಊಟ ಮಾಡುವವರೂ ಅದರಲ್ಲಿರಬೇಕು. ಮಕ್ಕಳಿಗಿಂತ ಮುಂಚೆ ಅಪ್ಪ ಅಮ್ಮಂದಿರಿಗೆ ಫೋನ್ ಮಾಡಿ. ‘ಎಷ್ಟೇ ಬರಲಿ, ಮೊದಲು ನಂಗೆ ಫೋನ್ ಮಾಡು, ಬೈಯಲ್ಲ’ ಎಂಬ ಮಾತನ್ನು ಫಲಿತಾಂಶದ ಹಿಂದಿನ ದಿನ ಅವರ ಬಾಯಿಂದಲೇ ಮಕ್ಕಳಿಗೆ ಹೇಳಿಸಿ. ಪಿಯು ಮಕ್ಕಳಿಗೆ 2024ರಿಂದ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳಿವೆ. ಎರಡನೆಯದಕ್ಕೆ ಕಟ್ಟುವ ಕೊನೆಯ ದಿನಾಂಕ, ಶುಲ್ಕ ನೋಟಿಸ್ ಬೋರ್ಡಿನಲ್ಲಿ ಮೊದಲೇ ಇರಲಿ. ‘ಇನ್ನೊಂದು ಅವಕಾಶ ಇದೆ’ ಎನ್ನುವ ಸಮಾಧಾನಕ್ಕಿಂತ ದಿನಾಂಕ ತೋರಿಸುವುದು ಮೇಲು.

ಆ ದಿನ ಯಾರೂ ಕೋಣೆಯಲ್ಲಿ ಒಬ್ಬರೇ ಕೂತು ಮೊಬೈಲಿನಲ್ಲಿ ನೋಡುವುದು ಬೇಡ, ತಾರಸಿಯ ಬಾಗಿಲಿಗೆ ಬೀಗವಿರಲಿ. ರಾತ್ರಿ ಊಟಕ್ಕೆ ಬರದವರ ಕೋಣೆಗೆ ನೀವೇ ಹೋಗಿ, ಹುಡುಗರನ್ನು ಕಳಿಸಬೇಡಿ. ಮುಂದಿನ ಒಂದು ವಾರ ಇದೇ ಎಚ್ಚರ. ವಾರ್ಡನ್‌ಗಳು ಮಾಡುವ ದೊಡ್ಡ ತಪ್ಪು, ಅಳುತ್ತಿರುವ ಹುಡುಗನನ್ನು ಅದೇ ರಾತ್ರಿ ‘ಊರಿಗೆ ಹೋಗಿ ಬಾ’ ಎಂದು ಒಬ್ಬನನ್ನೇ ಬಸ್ ನಿಲ್ದಾಣಕ್ಕೆ ಕಳಿಸುವುದು. ಕೈಯಿಂದ ಕೈಗೆ ಒಪ್ಪಿಸಬೇಕು. ಹದಿನೆಂಟು ತುಂಬದವರ ವಿಷಯವನ್ನು ಪೋಷಕರಿಗೆ ತಿಳಿಸಲೇಬೇಕು. ಪೋಷಕರಿಂದಲೇ ತೊಂದರೆಯೆಂದಾದರೆ 1098.

ಪ್ರಶ್ನೆ: ಊರಿನ ಸುದ್ದಿಯ ವಾಟ್ಸಾಪ್ ಗುಂಪು ನಡೆಸುತ್ತೇನೆ. ಇಂಥ ಸಾವು ಆದಾಗ ಹಾಕಬಾರದೇ?
*— ಹವ್ಯಾಸಿ ವರದಿಗಾರರು, ಹಿರಿಯೂರು*

ಸಾವಿನ ಸುದ್ದಿ ಹಾಕಬಹುದು, ಸತ್ತ ಬಗೆ ಬೇಡ. ಎಲ್ಲಿ, ಹೇಗೆ, ಯಾವುದರಿಂದ ಎಂಬ ವಿವರ, ಸ್ಥಳದ ಫೋಟೋ, ಬರೆದಿಟ್ಟ ಚೀಟಿಯ ಫೋಟೋ, ‘ಪರೀಕ್ಷೆಯಲ್ಲಿ ಫೇಲಾಗಿದ್ದಕ್ಕೆ’ ಎಂಬ ಒಂದೇ ಸಾಲಿನ ಕಾರಣ ಯಾವುದೂ ಬೇಡ. ಅದೇ ಸ್ಥಿತಿಯಲ್ಲಿರುವ ಇನ್ನೊಬ್ಬರು ಅದನ್ನು ದಾರಿಯೆಂದು ಓದಿಕೊಳ್ಳುತ್ತಾರೆ. ಭಾರತೀಯ ಪತ್ರಿಕಾ ಮಂಡಳಿ 2019ರಲ್ಲೇ ಪತ್ರಿಕೆಗಳಿಗೆ ಇದನ್ನು ಹೇಳಿದೆ. ಗುಂಪಿನ ಅಡ್ಮಿನ್‌ಗಳಿಗೆ ಮಂಡಳಿ ಇಲ್ಲ, ಆದರೆ ಓದುವವರು ಅದೇ ಜನ. ‘ಆತ್ಮಹತ್ಯೆಗೆ ಶರಣು’ ಎಂಬ ತಲೆಬರಹವನ್ನಂತೂ ಬಿಟ್ಟುಬಿಡಿ. ಶರಣರ ನಾಡಿನಲ್ಲಿ ಎದುರಿಗೆ ಬಂದವರಿಗೆ ಕೈಮುಗಿದು ಹೇಳುವ ಮಾತು ಅದು, ಅದನ್ನು ಸಾವಿಗೆ ಯಾಕೆ ಹೇಳಬೇಕು? ‘ಆತ್ಮಹತ್ಯೆಯಿಂದ ನಿಧನ’ ಎಂದರೆ ಅರ್ಥವಾಗುತ್ತದೆ. ಕೊನೆಗೆ 14416 ಇರಲಿ. ಎಳೆಯ ಹುಡುಗರ ಫೋಟೋ ಹಾಕಿ ‘ಮತ್ತೆ ಹುಟ್ಟಿ ಬಾ’ ಎಂಬ ಫ್ಲೆಕ್ಸನ್ನು ತಿಂಗಳುಗಟ್ಟಲೆ ಕಾಲೇಜಿನ ಮುಂದೆ ಬಿಡುವುದೂ ಸರಿಯಲ್ಲ. ಸಂಗಾತಿಗಳಿಗೆ ದುಃಖ ಹೇಳಿಕೊಳ್ಳಲು ಜಾಗ ಬೇಕು, ಅದು ರಸ್ತೆಯ ಕಂಬವಲ್ಲ.

ಪ್ರಶ್ನೆ: ಆರು ತಿಂಗಳು ವಿಚಾರಿಸಿಕೊಂಡವರೊಬ್ಬರು ಕೊನೆಗೂ ಉಳಿಯಲಿಲ್ಲ. ನನ್ನಿಂದಲೇ ಏನೋ ತಪ್ಪಾಯಿತು ಅನ್ನಿಸಿ ನಿದ್ದೆ ಬರುತ್ತಿಲ್ಲ. ಮುಂದುವರಿಸಲೇ?
*— ಸ್ವಯಂಸೇವಕಿ, ಚಿತ್ರದುರ್ಗ*

ಈಗ ಬೇಡ. ನಿಮ್ಮ ಕೈಯಲ್ಲಿರುವ ಉಳಿದವರನ್ನು ಇನ್ನೊಬ್ಬರಿಗೆ ಒಪ್ಪಿಸಿ, ಒಂದೆರಡು ತಿಂಗಳು ಬಿಡಿ. ನಿದ್ದೆ ಎರಡು ವಾರ ಕಳೆದರೂ ಬಾರದಿದ್ದರೆ ಜಿಲ್ಲಾ ಆಸ್ಪತ್ರೆಯ ಮನೋರೋಗ ವಿಭಾಗಕ್ಕೆ ಹೋಗಿ. ಟೆಲಿ ಮಾನಸ್ ಇರುವುದು ಸ್ವಯಂಸೇವಕರಿಗೂ ಕೂಡ. ಎಲ್ಲವನ್ನೂ ಸರಿಯಾಗಿ ಮಾಡಿದಾಗಲೂ ಕೆಲವರು ಉಳಿಯುವುದಿಲ್ಲ, ಮನೋವೈದ್ಯರ ಕೈಯಲ್ಲೂ ಹೀಗಾಗುತ್ತದೆ.

ನಿಮ್ಮ ತಂಡದವರಿಗೂ ಒಂದು ಮಾತು. ಒಬ್ಬರ ಹೊಣೆ ಯಾವತ್ತೂ ಒಬ್ಬರ ಮೇಲೇ ಇರಬಾರದು, ಜೋಡಿಯಾಗಿ ಹೋಗಬೇಕು. ಒಂದು ಜೋಡಿಗೆ ಒಂದೇ ಹೊತ್ತಿಗೆ ಇಬ್ಬರಿಗಿಂತ ಹೆಚ್ಚು ಜನ ಬೇಡ. ಸ್ವಂತ ಮೊಬೈಲ್ ನಂಬರ್ ಬದಲು ತಂಡದ ಒಂದು ನಂಬರ್ ಇಟ್ಟು ಸರದಿಯಲ್ಲಿ ನೋಡಿಕೊಳ್ಳಿ, ರಾತ್ರಿ ಹತ್ತರ ಮೇಲೆ 14416ಕ್ಕೇ ಮಾಡಲು ಮೊದಲ ದಿನವೇ ಹೇಳಿಡಿ. ಪುಸ್ತಕದಲ್ಲಿ ಹೆಸರಿನ ಮೊದಲಕ್ಷರ, ಭೇಟಿಯ ದಿನ, ಯಾರಿಗೆ ಒಪ್ಪಿಸಿದಿರಿ, ಮುಂದಿನ ಭೇಟಿ, ಇಷ್ಟೇ ಇರಲಿ. ಕಾರಣ, ಮನೆಯ ಜಗಳ ಬರೆಯಬೇಡಿ. ವಾರಕ್ಕೊಮ್ಮೆ ಕೂತು ‘ನಿನ್ನ ಮನಸ್ಸು ಹೆಂಗೈತೆ’ ಎಂದು ಒಬ್ಬರನ್ನೊಬ್ಬರು ಕೇಳಿ.

ತೀರಿಕೊಂಡವರ ಮನೆಯವರು ಈಗ ನಿಮಗಿಂತ ಹೆಚ್ಚು ಅಪಾಯದಲ್ಲಿದ್ದಾರೆ. ಅಲ್ಲಿಗೆ ನೀವೇ ಹೋಗಬೇಕೆಂದಿಲ್ಲ. ತಿಥಿಯ ಊಟ ಮುಗಿದು ನೆಂಟರು ಹೊರಟ ಮರುದಿನ ತಂಡದ ಬೇರೊಬ್ಬರನ್ನು ಕಳಿಸಿ.